ಖಾಸಗಿ ಫೋಟೊ ಹಿಡಿದು ಮಗುವನ್ನು ಯಾರಾದರೂ ಬೆದರಿಸಿದರೆ

ಮೊದಲು ಬೈಯಬೇಡಿ. ಮನೆಯಲ್ಲಿ ಬೈತಾರೆ ಅನ್ನೋ ಭಯಕ್ಕೇ ಮಕ್ಕಳು ಬಾಯಿ ಬಿಡುವುದಿಲ್ಲ. ಬೆದರಿಸುವವನ ಬಂಡವಾಳವೂ ಅದೇ. ದುಡ್ಡು ಕಳಿಸಬೇಡಿ, ಕೊಟ್ಟರೆ ಮತ್ತೆ ಕೇಳುತ್ತಾನೆ.

ಗಾಬರಿಯಲ್ಲಿ ಚಾಟ್ ಅಳಿಸಿದರೆ ಸಾಕ್ಷಿಯೂ ಹೋಯಿತು. ಬ್ಲಾಕ್ ಮಾಡುವ ಮುನ್ನ ಬೆದರಿಕೆಯ ಸಾಲುಗಳು, ಯೂಸರ್‌ನೇಮ್, ಯುಪಿಐ ಐಡಿಯ ಸ್ಕ್ರೀನ್‌ಶಾಟ್ ತೆಗೆದಿಡಿ; ಪ್ರೊಫೈಲ್ ಲಿಂಕ್ ಕಾಪಿ ಮಾಡಿಕೊಳ್ಳಿ. ಆ ಫೋಟೊವನ್ನು ಮಾತ್ರ ಯಾರಿಗೂ, ನೆಂಟರಿಗೂ ಫಾರ್ವರ್ಡ್ ಮಾಡಕೂಡದು.

ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಇಲ್ಲದಿದ್ದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ. ಮಕ್ಕಳ ಸಹಾಯವಾಣಿ 1098.

ಫೋಟೊ ಹರಡದಂತೆ ತಡೆಯಲು ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಿದೆ. ಫೋಟೊ ನಿಮ್ಮ ಫೋನಿನಲ್ಲೇ ಉಳಿಯುತ್ತದೆ, ಅದರ ಡಿಜಿಟಲ್ ಬೆರಳಚ್ಚು, ಅಂದರೆ ಆ ಫೋಟೊವನ್ನು ಗುರುತಿಸುವ ಸಂಕೇತ ಮಾತ್ರ ಹೋಗುತ್ತದೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಂಥವು ಅದನ್ನಿಟ್ಟುಕೊಂಡು ಹುಡುಕುತ್ತವೆ. ಎನ್‌ಕ್ರಿಪ್ಟ್ ಆದ, ಅಂದರೆ ಹೊರಗಿನವರು ಓದಲಾಗದ ಖಾಸಗಿ ಚಾಟ್‌ಗಳಲ್ಲಿ ಇದರ ಆಟ ನಡೆಯದು.