ಮುಖ ನೋಡಿ ಮಣೆ ಹಾಕಿದೆ: ನನ್ನ ಷೆವರ್ಲೆ ಟ್ರಕ್ಕಿನ ವರ್ಷ ಪತ್ತೆ ಮಾಡಿದ ಕಥೆ

ಸ್ಟೆಪ್ನಿಗೆ ಆರು ತೂತು. ಮುಂದಿನ ಹಬ್‌ನಲ್ಲಿ ಐದೇ ಬೋಲ್ಟು.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ, ಮಿಷನ್ ಬುಲೆವಾರ್ಡ್ ರಸ್ತೆಯ ಪಕ್ಕದಲ್ಲಿ ಜಾಕ್ ಹಾಕಿ, ಪಂಕ್ಚರ್ ಆದ ಚಕ್ರ ಬಿಚ್ಚಿಟ್ಟು, ಇದನ್ನು ನೋಡುತ್ತಾ ನಿಂತಿದ್ದೆ. ಟ್ರಕ್ ತಗೊಂಡು ಮೂರು ವಾರ ಆಗಿತ್ತು ಅಷ್ಟೇ. ಹಿಂದಿನ ಚಕ್ರದ ಕ್ಯಾಪ್ ಕಿತ್ತು ನೋಡಿದೆ. ಅಲ್ಲಿ ಆರು ನಟ್ಟು. ಅಂದರೆ ನನ್ನ ಗಾಡಿ ಮುಂದೆ ಒಂದು ಜಾತಿ, ಹಿಂದೆ ಇನ್ನೊಂದು ಜಾತಿ. ನಾಲ್ಕೂ ಚಕ್ರಕ್ಕೆ ಒಂದೇ ಥರದ ಕ್ಯಾಪ್ ಇದ್ದುದರಿಂದ ಇಷ್ಟು ದಿನ ಗೊತ್ತೇ ಆಗಿರಲಿಲ್ಲ.

ಟೋ ಗಾಡಿಗೆ ಕಾಯುತ್ತಾ ಫುಟ್‌ಪಾತಿನ ಮೇಲೆ ಕೂತಾಗಲೇ, ಗಾಡಿ ತಗೊಳ್ಳುವಾಗ ಮಾಡಿದ ತಪ್ಪು ಒಂದೊಂದಾಗಿ ನೆನಪಾಗಿದ್ದು.

ಮಾರಿದ ಅಜ್ಜ ಇದನ್ನು 1970ರ ಷೆವರ್ಲೆ ಸಿ10 ಪಿಕಪ್ ಅಂದಿದ್ದರು. ಪಿಂಕ್ ಸ್ಲಿಪ್‌ನಲ್ಲಿ, ಅಂದರೆ ಇಲ್ಲಿನ ಆರ್‌ಸಿ ಅನ್ನಿ, 1968 ಅಂತ ಇತ್ತು. ಕೇಳಿದ್ದಕ್ಕೆ "ಅದು ಯಾವತ್ತೋ ಟೈಪ್ ಮಾಡುವಾಗ ಆದ ತಪ್ಪು, ಗ್ರಿಲ್ ನೋಡು, 70ರದ್ದೇ" ಅಂದರು. ನಾನು ಅವರ ಮಾತಿಗಿಂತ ಜಾಸ್ತಿ ನಂಬಿದ್ದು ನನ್ನ ಜಾಣತನವನ್ನು. ಅಷ್ಟರಲ್ಲಾಗಲೇ ಒಂದು ವಾರ ರಾತ್ರಿ ಕೂತು ಗ್ರಿಲ್‌ಗಳ ಫೋಟೋ ಹೋಲಿಸಿ ಹೋಲಿಸಿ ಪಂಡಿತನಾಗಿದ್ದೆ.

ಗ್ರಿಲ್ ಪಾಠ ಸುಳ್ಳೇನಲ್ಲ. 1967ರಿಂದ 1972ರವರೆಗಿನ ಷೆವರ್ಲೆ ಪಿಕಪ್‌ಗಳ ಬಾಡಿ ದೂರದಿಂದ ಒಂದೇ ಥರ. ಹತ್ತಿರ ಹೋದರೆ ಮೂತಿ ಬೇರೆ ಬೇರೆ. 67 ಮತ್ತು 68ರಲ್ಲಿ ಬಾನೆಟ್ ಮುಂದೆ ಇಳಿಜಾರಾಗಿ ಬಾಗುತ್ತದೆ. 69ರಲ್ಲಿ ಅದೇ ಬಾನೆಟ್ಟಿನ ತುದಿ ದಪ್ಪಗೆ, ನೆಟ್ಟಗೆ ಆಯಿತು. ಗ್ರಿಲ್ ನಡುವೆ ಷೆವರ್ಲೆ ಅಂತ ಅಕ್ಷರ ಒತ್ತಿದ ಅಗಲದ ಅಲ್ಯೂಮಿನಿಯಂ ಪಟ್ಟಿ ಬಂತು. 70ರಲ್ಲೂ ಅದೇ ಪಟ್ಟಿ. ಆದರೆ ಪಟ್ಟಿಯ ಹಿಂದಿರುವ ಪ್ಲಾಸ್ಟಿಕ್ ಜಾಲರಿ ನೋಡಿದರೆ ಆರು ತುಂಡು ಜೋಡಿಸಿಟ್ಟ ಹಾಗೆ ಕಾಣುತ್ತದೆ. 69ಕ್ಕೂ 70ಕ್ಕೂ ಮುಖದಲ್ಲಿ ಇರುವ ವ್ಯತ್ಯಾಸ ಹೆಚ್ಚುಕಮ್ಮಿ ಅಷ್ಟೇ. 71ಕ್ಕೆ ಚೌಕ ಚೌಕದ ಗ್ರಿಲ್ ಬಂದು, 72ರಲ್ಲೂ ಅದೇ ಮುಂದುವರಿಯಿತು. ಇನ್ನು ನಾಲ್ಕು ಹೆಡ್‌ಲೈಟ್ ಇದ್ದರೆ ಅದು ಷೆವರ್ಲೆ ಅಲ್ಲ, ಅದರ ಅಣ್ಣತಮ್ಮ ಜಿಎಂಸಿ.

ನನ್ನ ಗಾಡಿಯಲ್ಲಿ ಆರು ತುಂಡು ಸ್ಪಷ್ಟವಾಗಿತ್ತು. ಎಣಿಸಿದೆ. ದುಡ್ಡು ಕೊಟ್ಟೆ.

ಪಂಕ್ಚರ್ ಆದ ರಾತ್ರಿ ದಾವಣಗೆರೆಗೆ ವಿಡಿಯೋ ಕಾಲ್ ಮಾಡಿದೆ. ಅಪ್ಪ ಮೂವತ್ತು ವರ್ಷ ಲಾರಿ ಗ್ಯಾರೇಜ್ ನಡೆಸಿದವರು. ಪೂರ್ತಿ ಕೇಳಿಸಿಕೊಂಡು, "ಗ್ರಿಲ್ ಎಷ್ಟು ಬೋಲ್ಟಿಗೆ ಬಿಚ್ಚಿಕೊಳ್ತದೋ?" ಅಂದರು.

"ಒಂದು ಹತ್ತು ಹನ್ನೆರಡು ಇರಬೇಕು ಅಪ್ಪ."

"ಹತ್ತು ಬೋಲ್ಟಿಗೆ ಬಿಚ್ಚೋದನ್ನ ನೋಡಿ ಗಾಡಿ ತಗೊಂಡ್ಯಲ್ಲ. ಬಿಚ್ಚೋಕೆ ಬೇಜಾರಾಗೋದು ಏನಿದೆಯೋ ಅದನ್ನ ನೋಡಬೇಕಿತ್ತು ಕಣೋ."

ಆ ಮಾತು ಹಿಡಿದುಕೊಂಡು ಶನಿವಾರ ಬೆಳಗ್ಗೆ ಕಾಫಿ ಕುಡಿದು ಗಾಡಿ ಒಳಗೆ ಕೂತೆ. ಬೋಲ್ಟು ಬಿಚ್ಚಿ ಸುಲಭವಾಗಿ ಬದಲಾಯಿಸುವ ಸಾಮಾನು ಯಾವುದು, ಯಾರೂ ಕೈ ಹಾಕಲು ಹೋಗದ ಸಾಮಾನು ಯಾವುದು ಅಂತ ಬೇರೆ ಮಾಡುತ್ತಾ ಬಂದೆ.

ಮೊದಲು ಸ್ಟೇರಿಂಗ್. ಮೂರು ಕಡ್ಡಿ, ನಡುವೆ ಕ್ರೋಮ್ ಹಾರ್ನ್ ಬಟನ್. ಇದು 68ರವರೆಗಿನದು. 69ರಿಂದ ಎರಡು ಕಡ್ಡಿ, ಪ್ಲಾಸ್ಟಿಕ್ ಬಟನ್. ಆದರೂ ಸ್ಟೇರಿಂಗ್ ಬದಲಾಯಿಸೋದು ದೊಡ್ಡ ಕೆಲಸ ಅಲ್ಲ, ಅದಕ್ಕೆ ಅರ್ಧ ಮಾರ್ಕು ಕೊಟ್ಟೆ. ಪಾರ್ಕಿಂಗ್ ಬ್ರೇಕ್ ನೋಡಿದರೆ ಕೈಯಲ್ಲಿ ಎಳೆಯುವಂಥದ್ದು. 69ರಲ್ಲಿ ಅದನ್ನು ಕಾಲಲ್ಲಿ ಒತ್ತುವ ಪೆಡಲ್ ಮಾಡಿದರು. ಕಾಲು ಬ್ರೇಕ್ ಕಿತ್ತುಹಾಕಿ ಹಳೇ ಕೈ ಬ್ರೇಕ್ ಕೂರಿಸುವ ಪುಣ್ಯಾತ್ಮ ಯಾರಿದ್ದಾರೆ? ಇದಕ್ಕೆ ಪೂರ್ತಿ ಮಾರ್ಕು.

ಹಿಂದಿನ ಗಾಜು ದೊಡ್ಡದು. 67ರಲ್ಲಿ ಕಂಪನಿ ಮಾಮೂಲಿಯಾಗಿ ಕೊಡುತ್ತಿದ್ದದ್ದು ಚಿಕ್ಕ ಗಾಜು. ದೊಡ್ಡದು ಬೇಕಿದ್ದವರು ಜಾಸ್ತಿ ದುಡ್ಡು ಕೊಡಬೇಕಿತ್ತು. ಚಿಕ್ಕ ಗಾಜಿನ ಕ್ಯಾಬಿನ್ ಕಂಡರೆ ಕಣ್ಣು ಮುಚ್ಚಿ 67 ಅನ್ನಬಹುದು. ದೊಡ್ಡ ಗಾಜು ಕಂಡರೆ ಮಾತ್ರ ಏನೂ ಹೇಳೋಕಾಗಲ್ಲ. ಒಳಗಿನ ಕನ್ನಡಿ ಕ್ಯಾಬಿನ್ ತಗಡಿಗೆ ಸ್ಕ್ರೂ ಹೊಡೆದು ಕೂರಿಸಿದ್ದು, ಹಾಗಾಗಿ ಕ್ಯಾಬಿನ್ 72ರದ್ದಲ್ಲ. 72ರಲ್ಲಿ ಕನ್ನಡಿಯನ್ನು ಗಾಜಿಗೇ ಅಂಟಿಸಿದರು.

ಹಿಂದಿನ ಡಬ್ಬಿಯ ಎರಡೂ ಪಕ್ಕ ಕೆಂಪು ಸೈಡ್ ಲೈಟ್ ಇದ್ದವು. 67ರಲ್ಲಿ ಇವು ಇಲ್ಲವೇ ಇಲ್ಲ. 1968ರ ಜನವರಿ 1ರಿಂದ ಪಕ್ಕದ ದೀಪ ಅಥವಾ ರಿಫ್ಲೆಕ್ಟರ್ ಇರಲೇಬೇಕು ಅಂತ ಅಮೆರಿಕದಲ್ಲಿ ಕಾನೂನು ಬಂತು. ಷೆವರ್ಲೆ ಇರಲಿ ಫೋರ್ಡ್ ಇರಲಿ, 67ನ್ನೂ 68ನ್ನೂ ಬೇರೆ ಮಾಡಲು ಇಷ್ಟು ಸುಲಭದ ಗುರುತು ಇನ್ನೊಂದಿಲ್ಲ. ಆದರೆ ಒಂದು ಎಚ್ಚರಿಕೆ. ಕೆಲವರು 68ರ ತಗಡಿನ ತೂತು ಮುಚ್ಚಿ, ಪೇಂಟ್ ಹೊಡೆದು 67 ಮಾಡಿಬಿಡುತ್ತಾರೆ, ಚೆನ್ನಾಗಿ ಕಾಣುತ್ತೆ ಅಂತ. ತಗಡಿನ ಒಳಗಡೆ ಕೈ ಹಾಕಿ ಸವರಿದರೆ ವೆಲ್ಡಿಂಗಿನ ಉಬ್ಬು ಸಿಗುತ್ತದೆ.

ಈಗ ಡ್ರೈವರ್ ಬಾಗಿಲು ತೆಗೆದೆ. ಕಂಬದ ಮೇಲೆ ರಿವೆಟ್ ಹೊಡೆದ ಪುಟ್ಟ ಪ್ಲೇಟು, ಗಾಡಿಯ ಕಾರ್ಖಾನೆ ನಂಬರ್ ಇರೋದು ಅದರಲ್ಲೇ. ಮೇಲೆ ಪೇಂಟ್ ಬಳಿದಿದ್ದರು. ಹತ್ತಿಯಲ್ಲಿ ಥಿನ್ನರ್ ಅದ್ದಿ ಮೆತ್ತಗೆ ಒರೆಸಿದೆ. ಮೊದಲ ಆರು ಗುರುತು ಎದ್ದು ಬಂದವು: ಸಿ, ಇ, 1, 4, 8, ಝಡ್.

ಇದನ್ನು ಓದೋದು ಒಮ್ಮೆ ಗೊತ್ತಾದರೆ ಜಾತಕ ಓದಿದಷ್ಟೇ ಸಲೀಸು. ಸಿ ಅಂದರೆ ಎರಡು ಚಕ್ರದ ಡ್ರೈವ್, ನಾಲ್ಕು ಚಕ್ರದ್ದಾದರೆ ಕೆ. ಇ ಅಂದರೆ ಎಂಟು ಸಿಲಿಂಡರಿನ ವಿ8 ಎಂಜಿನ್, ಎಸ್ ಇದ್ದರೆ ಆರು ಸಿಲಿಂಡರ್. 1 ಅಂದರೆ ಅರ್ಧ ಟನ್ ಭಾರ ಹೊರುವ ವರ್ಗ. 4 ಅಂದರೆ ಪಿಕಪ್. ಆಮೇಲಿನ ಅಂಕಿಯೇ ವರ್ಷ: 8, ಅಂದರೆ 1968. 72ರಲ್ಲಿ ಮಾತ್ರ ಮುಂದೆ ಒಂದು ಅಕ್ಷರ ಜಾಸ್ತಿ ಸೇರಿತು. ಷೆವರ್ಲೆಗೆ ಸಿ, ಜಿಎಂಸಿಗೆ ಟಿ. ಹಾಗಾಗಿ 72ರ ಗಾಡಿಯಲ್ಲಿ ಒಂದು ಮನೆ ಮುಂದಕ್ಕೆ ಎಣಿಸಬೇಕು.

ಕೊನೆಯ ಝಡ್ ನೋಡಿ ನನಗೆ ನಗು ಬಂತು. ಅದು ಕಾರ್ಖಾನೆಯ ಗುರುತು. ಜೆ ಅಂದರೆ ಜೇನ್ಸ್‌ವಿಲ್, ಎಸ್ ಅಂದರೆ ಸೇಂಟ್ ಲೂಯಿಸ್, ಎಫ್ ಅಂದರೆ ಫ್ಲಿಂಟ್. ಝಡ್ ಅಂದರೆ ಇದೇ ಫ್ರೀಮಾಂಟ್! 1963ರಲ್ಲಿ ಶುರುವಾದ, ಷೆವರ್ಲೆಯ ಮೂಲ ಕಂಪನಿ ಜನರಲ್ ಮೋಟಾರ್ಸ್‌ನ ಕಾರ್ಖಾನೆ 82ರಲ್ಲಿ ಮುಚ್ಚಿತು. 84ರಿಂದ ಟೊಯೋಟಾ ಜೊತೆ ಪಾಲುದಾರಿಕೆಯಲ್ಲಿ 2010ರವರೆಗೆ ಓಡಿತು. ಈಗ ಅದೇ ಜಾಗದಲ್ಲಿ ಟೆಸ್ಲಾ. ನಮ್ಮ ಕನ್ನಡದ ಗೆಳೆಯರಲ್ಲಿ ಇಬ್ಬರು ದಿನಾ ಅದೇ ಗೇಟಿನಲ್ಲಿ ಕೆಲಸಕ್ಕೆ ಹೋಗುತ್ತಾರೆ. ನನ್ನ ಟ್ರಕ್ ಹುಟ್ಟಿದ ಊರು ನನ್ನ ಮನೆಯಿಂದ ಹತ್ತು ನಿಮಿಷ.

ಹಾಗಾದರೆ ಪಿಂಕ್ ಸ್ಲಿಪ್ ಸರಿ, ನಾನೇ ತಪ್ಪು. ಮತ್ತೆ ಈ 70ರ ಮೂತಿ ಎಲ್ಲಿಂದ ಬಂತು?

ಅದಕ್ಕೆ ಬಣ್ಣ ಉತ್ತರ ಹೇಳಿತು. ಈ ಗಾಡಿಗಳಲ್ಲಿ ಪೆಟ್ರೋಲ್ ಟ್ಯಾಂಕ್ ಇರೋದು ಕ್ಯಾಬಿನ್ ಒಳಗೆ, ಸೀಟಿನ ಬೆನ್ನ ಹಿಂದೆ. ತಿರುವಿನಲ್ಲಿ ಬೆನ್ನ ಹಿಂದೆ ಗುಳುಗುಳು ಅನ್ನುತ್ತದೆ. ಮೊದಲ ದಿನ ನನ್ನ ಹೆಂಡತಿ "ಇದೇನ್ರೀ, ಬಾಂಬ್ ಮೇಲೆ ಕೂರಿಸಿಕೊಂಡು ಹೋಗ್ತಿದ್ದೀರಾ?" ಅಂದಿದ್ದಳು. ಸೀಟು ಎತ್ತಿ ಟ್ಯಾಂಕ್ ಸಂದಿಯಲ್ಲಿ ಟಾರ್ಚ್ ಬಿಟ್ಟೆ. ಹೊರಗಿನ ನೀಲಿ ಅಲ್ಲಿಗೆ ತಲುಪಿರಲಿಲ್ಲ. ತಗಡು ಬಿಳಿ. ಆಮೇಲೆ ಮುಂದಿನ ಮಡ್‌ಗಾರ್ಡಿನ ಒಳಬದಿ, ಬ್ಯಾಟರಿ ಹಿಂದೆ ಕೆರೆದು ನೋಡಿದೆ. ಅಲ್ಲಿ ಹಸಿರು! ಬಾನೆಟ್ ಕೆಳಗೂ ಹಸಿರು. ಯಾವುದೋ ಹಸಿರು 70ರ ಟ್ರಕ್ಕಿನ ಇಡೀ ಮುಂಭಾಗವನ್ನು ಎತ್ತಿ ತಂದು ನನ್ನ ಬಿಳಿ 68ಕ್ಕೆ ಜೋಡಿಸಿದ್ದರು. ಬಹುಶಃ ಯಾವಾಗಲೋ ಎದುರಿಗೆ ಗುದ್ದಿರಬೇಕು.

ಐದು ನಟ್ಟಿನ ಗುಟ್ಟೂ ಇಲ್ಲೇ ಬಿಡಿಸಿಕೊಂಡಿತು. 70ರವರೆಗೆ ಅರ್ಧ ಟನ್ ಗಾಡಿಗೆ ಆರು ನಟ್ಟು, ಮುಂದೆಯೂ ಡ್ರಮ್ ಬ್ರೇಕ್. 71ರಲ್ಲಿ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಕೊಟ್ಟರು, ಅದರ ಜೊತೆ ಎರಡು ಚಕ್ರ ಡ್ರೈವಿನ ಗಾಡಿಗೆ ಐದು ನಟ್ಟು ಮಾಡಿದರು. ಯಾರೋ ಒಳ್ಳೆ ಬ್ರೇಕಿನ ಆಸೆಗೆ 71 ಅಥವಾ 72ರ ಮುಂದಿನ ಸಸ್ಪೆನ್ಷನ್ ಕೂರಿಸಿ, ಹಿಂದಿನದನ್ನು ಹಾಗೇ ಬಿಟ್ಟಿದ್ದಾರೆ. ಬುದ್ಧಿವಂತ ಕೆಲಸವೇ. ಸ್ಟೆಪ್ನಿ ಎರಡು ಇಡಬೇಕು ಅಂತ ನನಗೆ ಹೇಳಿದ್ದರೆ ಸಾಕಿತ್ತು.

ಉಳಿದದ್ದು ಎಂಜಿನ್. 68ರಲ್ಲಿ ವಿ8 ಅಂದರೆ ಮಾಮೂಲಿಯಾಗಿ 307 (ಎಂಜಿನ್ ಗಾತ್ರ, ಘನ ಇಂಚಿನಲ್ಲಿ), ಜಾಸ್ತಿ ಕೊಟ್ಟವರಿಗೆ 327 ಅಥವಾ 396. ಅಜ್ಜ 350 ಅಂದಿದ್ದರು. ಟ್ರಕ್ಕಿಗೆ 350 ಬಂದದ್ದು 69ರಲ್ಲಿ. ಎಂಜಿನ್ ಬ್ಲಾಕಿನ ಹಿಂದೆ, ಗೇರ್‌ಬಾಕ್ಸ್ ಸೇರುವ ಅಂಚಿನಲ್ಲಿ ಎರಕದ ನಂಬರ್ ಇರುತ್ತದೆ. ಅಲ್ಲಿಗೆ ಕಣ್ಣು ಹೋಗಲ್ಲ, ಬರೀ ಕೈ ಹೋಗುತ್ತದೆ. ಐವತ್ತು ವರ್ಷದ ಎಣ್ಣೆ ಜಿಡ್ಡು ಬೆಲ್ಲದ ಪಾಕದ ಥರ ಕೂತಿತ್ತು. ಡಿಗ್ರೀಸರ್ ಹೊಡೆದು ತಂತಿ ಬ್ರಷ್‌ನಲ್ಲಿ ಉಜ್ಜಿದೆ. ಮೊಬೈಲ್ ಒಳಗೆ ತೂರಿಸಿ ಫೋಟೋ ತೆಗೆದರೆ ಬರೀ ಹೊಳಪು, ಅಕ್ಷರ ಕಾಣಲಿಲ್ಲ.

ಆಗ ನೆನಪಾಗಿದ್ದು ಅಪ್ಪನ ಗ್ಯಾರೇಜಿನ ಚಾಸಿ ಪ್ರಿಂಟ್. ಊರಲ್ಲಿ ಗಾಡಿ ಕಾಗದಪತ್ರಕ್ಕೆ ಚಾಸಿ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಿದ್ದೆವು. ಚಿಕ್ಕವನಿದ್ದಾಗ ನನ್ನ ಕೈ ಸಣ್ಣದು ಅಂತ ಲಾರಿ ಕೆಳಗೆ ನನ್ನನ್ನೇ ಕಳಿಸುತ್ತಿದ್ದರು. ಮಗಳ ಡ್ರಾಯಿಂಗ್ ಪುಸ್ತಕದಿಂದ ತೆಳ್ಳನೆ ಹಾಳೆ ಹರಿದುಕೊಂಡು ಬಂದೆ. ಪೆನ್ಸಿಲನ್ನು ಅಡ್ಡ ಮಲಗಿಸಿ ಮೆಲ್ಲಗೆ ಉಜ್ಜಿದೆ. ಎರಡು ಹಾಳೆ ಹರಿಯಿತು. ಮೂರನೆಯದರಲ್ಲಿ ಬಿಳಿ ಅಂಚಿನ ಅಂಕಿಗಳು ಒಂದೊಂದೇ ಮೂಡಿದವು: 3970010.

ಇದು 350 ಬ್ಲಾಕಿನ ನಂಬರ್. 1969ರಿಂದ 79ರವರೆಗೆ ಇದೇ ಎರಕ ಬಂತು. ಪಕ್ಕದಲ್ಲಿ ತಾರೀಕಿನ ಗುರುತು: ಬಿ, 12, 4. ತಿಂಗಳಿಗೆ ಒಂದು ಅಕ್ಷರ, ಎ ಅಂದರೆ ಜನವರಿ, ಬಿ ಅಂದರೆ ಫೆಬ್ರವರಿ. ಆಮೇಲೆ ದಿನ, ಆಮೇಲೆ ವರ್ಷದ ಕೊನೆಯ ಅಂಕಿ ಒಂದೇ. ಬರೀ 4 ಅಂದರೆ 64ಆ, 74ಆ, 84ಆ? ಇಲ್ಲಿ ಎರಕದ ನಂಬರ್ ಕೈ ಹಿಡಿಯುತ್ತದೆ. 69ರಿಂದ 79ರ ನಡುವೆ 4ರಲ್ಲಿ ಕೊನೆಯಾಗುವ ವರ್ಷ ಒಂದೇ, 74. ಅಂಕಿ 9 ಆಗಿದ್ದಿದ್ದರೆ ತಲೆ ಕೆರೆದುಕೊಳ್ಳಬೇಕಿತ್ತು. ಹಾಳೆಯ ಫೋಟೋ ಅಪ್ಪನಿಗೆ ಕಳಿಸಿದೆ. "ಪೆನ್ಸಿಲ್ ಇನ್ನೂ ಸ್ವಲ್ಪ ಹಗುರ ಹಿಡೀಬೇಕಿತ್ತು" ಅಂತ ಉತ್ತರ ಬಂತು.

ತಾರೀಕು ಓದುವಾಗ ನಮ್ಮವರು ಎಡವುವುದು ಒಂದು ಕಡೆ. ಇಲ್ಲಿ ಮಾಡೆಲ್ ವರ್ಷ ಬೇರೆ, ಕ್ಯಾಲೆಂಡರ್ ವರ್ಷ ಬೇರೆ. 68ರ ಮಾಡೆಲ್ 67ರ ಶರತ್ಕಾಲದಲ್ಲೇ ಕಾರ್ಖಾನೆಯಿಂದ ಹೊರಬರುತ್ತಿತ್ತು. ಅದಕ್ಕೇ 68ರ ಗಾಡಿಯಲ್ಲಿ 67ರ ಅಕ್ಟೋಬರ್ ಎರಕ ಸಿಕ್ಕರೆ ಮೋಸ ಅಂತ ಕೂಗಾಡಬಾರದು. ಸಾಮಾನಿನ ತಾರೀಕು ಗಾಡಿಗಿಂತ ಸ್ವಲ್ಪ ಹಿಂದಿದ್ದರೆ ಸರಿ, ಮುಂದಿದ್ದರೆ ಬದಲಾಯಿಸಿದ್ದು.

ಈಗ ಗೆಳೆಯರು ಹಳೇ ಟ್ರಕ್ ಕಂಡಲ್ಲೆಲ್ಲ ನನಗೆ ಫೋಟೋ ಕಳಿಸುತ್ತಾರೆ. ಕೆಲವು ಗುರುತು ಬೇಗ ಸಿಗುತ್ತವೆ. ಫೋರ್ಡ್ ಎಫ್-100ರಲ್ಲಿ ಮುಂದಿನ ಗಾಜು ಪಕ್ಕಕ್ಕೆ ಸುತ್ತಿಕೊಂಡು, ಕಂಬ ನೆಟ್ಟಗಿದ್ದರೆ ಅದು 1956, ಆ ಮೈಕಟ್ಟಿನಲ್ಲಿ ಅದೊಂದೇ ವರ್ಷ. ಗುಂಡು ಗುಂಡಾದ ಹಳೇ ಷೆವರ್ಲೆಯಲ್ಲಿ ಮುಂದಿನ ಗಾಜು ನಡುವೆ ಸೀಳಿದ್ದರೆ 47ರಿಂದ 53, ಒಂದೇ ತುಂಡಾಗಿದ್ದರೆ 54 ಅಥವಾ 55ರ ಶುರುವಿನದು. ಸೀಳು ಗಾಜಿನದರಲ್ಲಿ ಬಾಗಿಲಿಗೆ ತ್ರಿಕೋನದ ಪುಟ್ಟ ಕಿಟಕಿ ಇದ್ದರೆ 51 ಅಥವಾ ಅದರ ಈಚೆ. ಅರವತ್ತು, ಎಪ್ಪತ್ತರ ಫೋರ್ಡ್ ನನಗೆ ಇನ್ನೂ ಕಷ್ಟ. ಅದರ ನಂಬರಿನಲ್ಲಿ ಷೆವರ್ಲೆಯಂತೆ ವರ್ಷದ ಅಂಕಿ ನೇರವಾಗಿ ಕೂತಿರಲ್ಲ.

ಕಪ್ಪು ನಂಬರ್ ಪ್ಲೇಟ್ ನೋಡಿ ಮಾತ್ರ ಯಾರೂ ಮರುಳಾಗಬೇಡಿ. ಕ್ಯಾಲಿಫೋರ್ನಿಯಾದಲ್ಲಿ 1963ರಲ್ಲಿ ಬಂದ ಕಪ್ಪು ಹಳದಿ ಪ್ಲೇಟಿನ ನಕಲನ್ನು ಈಗ ದುಡ್ಡು ಕೊಟ್ಟರೆ ಹೊಸ ಟೆಸ್ಲಾಗೂ ಕೊಡುತ್ತಾರೆ.

ಹೋದ ತಿಂಗಳು ಸ್ಟಾಕ್ಟನ್ ಹತ್ತಿರ ಒಬ್ಬರ ಶೆಡ್ಡಿನಲ್ಲಿ 68ರ ಪೂರ್ತಿ ಮುಂಭಾಗ ಸಿಕ್ಕಿತು. ಮಡ್‌ಗಾರ್ಡ್, ಬಾನೆಟ್, ಗ್ರಿಲ್ ಎಲ್ಲ ಸೇರಿ. ಬಾಡಿಗೆ ಟ್ರೇಲರಿನಲ್ಲಿ ಹಾಕಿಕೊಂಡು ಬಂದೆ. ಮನೆ ಮುಂದೆ ಇಳಿಸಿ, ಬಾನೆಟ್ ಮಗುಚಿ ಟಾರ್ಚ್ ಬಿಟ್ಟೆ. ಒಳಗೆ ಕಿತ್ತಳೆ ಬಣ್ಣ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಹೊರಗೆ ನೀಲಿ, ಹಿಂದೆ ಬಿಳಿ, ಮುಂದೆ ಹಸಿರು, ಈಗ ಇದು ಬೇರೆ. ಇನ್ನು ಯಾವ ಬಣ್ಣ ಬಾಕಿ ಇದೆ ರೀ?"

ಎಂಜಿನ್ ಕಿತ್ತಳೆ ಅಂತ ನಾನು ಹೇಳಲಿಲ್ಲ.