ಟಿಡಿಎಸ್ 140, ಆದರೂ ನೀರು ಕೆಟ್ಟಿತ್ತು

ಅಡುಗೆಮನೆ ನಲ್ಲಿಯ ನೀರಿಗೆ ಪಾಚಿ ವಾಸನೆ. ಟಿಡಿಎಸ್ ಮೀಟರ್ 140 ಎಂದಿತು. ಆದರೆ ಅದು ಅಳೆಯುವುದು ಕರಗಿದ ಲವಣವನ್ನು, ರೋಗಾಣುವನ್ನಲ್ಲ. ಕ್ಲೋರಿನ್ ಕಿಟ್ ಹಾಕಿದಾಗ ಬೀದಿ ಪೈಪಿನ ನೀರು ಹಳದಿಗೆ ತಿರುಗಿತು: ಲೀಟರಿಗೆ 0.2 ಮಿ.ಗ್ರಾಂ, ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಹೇಳುವ ಕನಿಷ್ಠ ಮಟ್ಟ. ಅಡುಗೆಮನೆಯಲ್ಲಿ ಸೊನ್ನೆ. ಆ ನೀರು ತುಂಬಿದ ಎಚ್‌ಟುಎಸ್ ಬಾಟಲಿಯೂ (ಮಲದ ಬ್ಯಾಕ್ಟೀರಿಯಾ ಇದ್ದರೆ ಕಪ್ಪಾಗುವ ಪರೀಕ್ಷೆ) ಮರುದಿನ ಕಪ್ಪಾಯಿತು. ಅಂದರೆ ದೋಷ ಮನೆಯದೇ. ಸಂಪಿನ ಮುಚ್ಚಳದ ಅಂಚು ಬಿರುಕು ಬಿಟ್ಟು, ಅಂಗಳ ತೊಳೆದ ನೀರು ಒಳಗಿಳಿಯುತ್ತಿತ್ತು.

ಬಿರುಕಿಗೆ ಸಿಮೆಂಟ್ ಮೆತ್ತಿ, ಸಂಪು, ಟ್ಯಾಂಕ್ ಎರಡನ್ನೂ ಖಾಲಿ ಮಾಡಿ ಉಜ್ಜಿದ್ದಾಯಿತು. ಕೆಸರು ಉಳಿದರೆ ಕ್ಲೋರಿನ್ ಅದಕ್ಕೇ ಖರ್ಚಾಗುತ್ತದೆ. ಆಮೇಲೆ ನೀರು ತುಂಬಿಸಿ, 1000 ಲೀಟರಿಗೆ 150 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್ (ತೆರೆದಿಟ್ಟ ಹಳೆಯದರಲ್ಲಿ ಸತ್ವವಿರುವುದಿಲ್ಲ). ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಸುರಿಯಬೇಕು. ಆಸಿಡ್ ಹತ್ತಿರವೂ ತರಬೇಡಿ, ವಿಷಾನಿಲ ಬರುತ್ತದೆ. ಆರ್‌ಒ ವಾಲ್ವ್ ಮೊದಲೇ ಮುಚ್ಚಿ. ಕ್ಲೋರಿನ್ ಅದರ ಮೆಂಬ್ರೇನನ್ನು (ನೀರು ಸೋಸುವ ತೆಳು ಪೊರೆ) ತಿಂದುಹಾಕುತ್ತದೆ. ಪ್ರತಿ ನಲ್ಲಿಯನ್ನೂ ವಾಸನೆ ಬರುವವರೆಗೆ ಬಿಟ್ಟು, ನಿಲ್ಲಿಸಿ, 12 ಗಂಟೆ ಬಳಸದೆ ಇಟ್ಟು, ಎಲ್ಲ ಚೆಲ್ಲಿದೆ. ಹೊಸ ನೀರು ತುಂಬಿಸಿ ಮತ್ತೆ ಇಟ್ಟ ಬಾಟಲಿ 48 ಗಂಟೆಯಾದರೂ ಕಪ್ಪಾಗಲಿಲ್ಲ.