ಘಾಟಿನಲ್ಲಿ ಹಳೆ ಕಾರು ಎಳೆಯುತ್ತಿಲ್ವಾ? ಮೊದಲು ಪ್ಲಗ್ ಬಿಚ್ಚಿ ನೋಡಿ

ಪುಣೆಯಿಂದ ಬೆಳಗಾವಿ ಕಡೆ ಹೊರಟರೆ ಹಳೆ ಪೆಟ್ರೋಲ್ ಕಾರಿನ ಬಂಡವಾಳ ಬಯಲಾಗುವುದು ಖಂಬಾಟ್ಕಿ ಘಾಟಿನಲ್ಲೇ. ಕಳೆದ ಮಳೆಗಾಲದಲ್ಲಿ ನನ್ನ ಕಾರು ಅಲ್ಲೇ ಜರ್ಕ್ ಹೊಡೆಯಲು ಶುರು ಮಾಡಿತು. ಇಂಥ ಹೊತ್ತಲ್ಲಿ ಸುಮ್ನೆ ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಸ್ಕ್ರೂ ತಿರುಗಿಸಬೇಡಿ, ಇದ್ದ ಸೆಟ್ಟಿಂಗೂ ಹಾಳಾಗುತ್ತದೆ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಸ್ಪಾರ್ಕ್ ಪ್ಲಗ್ (ಸಿಲಿಂಡರಿನೊಳಗೆ ಪೆಟ್ರೋಲಿಗೆ ಕಿಡಿ ಹೊತ್ತಿಸುವ ಭಾಗ) ಬಿಚ್ಚಿ, ಯಾವುದು ಯಾವ ಸಿಲಿಂಡರಿನದು ಅಂತ ಗೊತ್ತಾಗುವಂತೆ ಹಳೆ ಪೇಪರಿನ ಮೇಲೆ ಸಾಲಾಗಿ ಇಡಿ. ತುದಿ ತಿಳಿ ಕಂದು ಬಣ್ಣ ಇದ್ದರೆ ಚಿಂತೆ ಇಲ್ಲ. ಒಣ ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ, ಗಾಳಿ ಕಡಿಮೆ ಅಂತ ಅರ್ಥ. ಏರ್ ಫಿಲ್ಟರ್ ಕಟ್ಟಿದೆಯಾ, ಚೋಕ್ (ತಣ್ಣಗಿನ ಎಂಜಿನ್ ಚಾಲು ಮಾಡುವಾಗ ಗಾಳಿ ಕಡಿಮೆ ಮಾಡುವ ಮುಚ್ಚಳ) ಸಿಕ್ಕಿಕೊಂಡಿದೆಯಾ ನೋಡಿ. ಬೆಳ್ಳಗಾಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪಿನಿಂದ ಗಾಳಿ ಒಳಗೆ ನುಗ್ಗುತ್ತಿರಬಹುದು, ಆಗ ಸುಯ್ ಅನ್ನುವ ಸದ್ದು ಕೇಳುತ್ತದೆ. ಎಣ್ಣೆ ಮೆತ್ತಿಕೊಂಡಿದ್ದರೆ ಮಾತ್ರ ಖರ್ಚಿನ ಕೆಲಸ: ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರಬಹುದು, ಮೊದಲು ಕಂಪ್ರೆಷನ್ ಟೆಸ್ಟ್ (ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಪರೀಕ್ಷೆ) ಮಾಡಿಸಿ.

ನನ್ನ ಪ್ಲಗ್‌ಗಳಲ್ಲಿ ಮೂರು ಸರಿ ಇದ್ದವು, ಒಂದು ಮಾತ್ರ ಪೆಟ್ರೋಲಿನಿಂದ ಒದ್ದೆ. ಅಂದರೆ ಅಲ್ಲಿ ಕಿಡಿಯೇ ಬರುತ್ತಿಲ್ಲ. ರಾತ್ರಿ ಲೈಟ್ ಆರಿಸಿ, ಬಾನೆಟ್ ಎತ್ತಿ ಎಂಜಿನ್ ಚಾಲು ಮಾಡಿದೆ (ವೈರ್ ಮುಟ್ಟಲೇಬೇಡಿ, ಜೋರಾಗಿ ಶಾಕ್ ಹೊಡೆಯುತ್ತದೆ). ಆ ಪ್ಲಗ್ ವೈರಿನಿಂದ ನೀಲಿ ಕಿಡಿ ಪಟಪಟ ಅಂತ ಕಾರಿನ ಬಾಡಿಯ ಮೇಲೆ ಹಾರುತ್ತಿತ್ತು! ಪುಣೆಯ ನಾನಾ ಪೇಠೆಯಿಂದ ಹೊಸ ವೈರ್ ಸೆಟ್ ತಂದು, ಒಂದೊಂದಾಗಿ ಬದಲಿಸಿದೆ. ಎಲ್ಲವನ್ನೂ ಒಟ್ಟಿಗೆ ಕಿತ್ತರೆ ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಹೋಗುವ ಸರದಿ) ತಪ್ಪುತ್ತದೆ.

ಏರು ದಾರಿಯಲ್ಲಿ ಮಾತ್ರ ಉಸಿರು ಕಟ್ಟಿದಂತಾದರೆ ಫ್ಯೂಯೆಲ್ ಫಿಲ್ಟರನ್ನೂ ಬದಲಿಸಿ ನೋಡಿ.